ಹಳೆಯ ಗಾಡಿಯ ಸ್ಥಿತಿಸ್ಥಾಪಕ

ಸಾಹಿತ್ಯಕ್ಕೆಂದು ಮೀಸಲಾದ ಈ ಪತ್ರಿಕೆಯಲ್ಲಿ ಮೋಟಾರು ಗಾಡಿಯ ಸ್ಪ್ರಿಂಗನ್ನು ಕುರಿತು ಬರೆಯುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಅವರಿಗೆ ನನ್ನ ಉತ್ತರವಿಷ್ಟೆ: ನಮ್ಮ ಹಿಂದಿನವರು ಈ ವಿಷಯವನ್ನು ಶಾಸ್ತ್ರದಿಂದ ಹೊರಗಿಟ್ಟವರಲ್ಲ. ತರ್ಕಸಂಗ್ರಹವನ್ನು ಓದಿದವರಿಗೆ ನೆನಪಿರಬಹುದು. ಇಪ್ಪತ್ತನಾಲ್ಕು ಗುಣಗಳ ಎಣಿಕೆಯಲ್ಲಿ ಕಟ್ಟಕಡೆಗೆ ಸಂಸ್ಕಾರವೆಂಬುದೊಂದು ಬರುತ್ತದೆ. ಅದು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆ. ಬಾಗಿಸಿದ ವಸ್ತುವನ್ನು ಮರಳಿ ಅದರ ಮೊದಲಿನ ಸ್ಥಿತಿಗೆ ತರುವ ಗುಣವೇ ಸ್ಥಿತಿಸ್ಥಾಪಕ. ಸುರುಳಿ ಸುತ್ತಿದ ಚಾಪೆಯನ್ನು ಬಿಡಿಸಿ ಕೈಬಿಟ್ಟೊಡನೆ ಅದು ಮತ್ತೆ ಸುತ್ತಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಬಿಲ್ಲು, ಮರದ ಕೊಂಬೆ, ದನದ ಕೋಡು, ಇವೂ ಅದೇ ಜಾತಿಯವು. ಪಾಠಶಾಲೆಯ ಜಗಲಿಯ ಮೇಲೆ ಇದನ್ನು ಉರು ಹೊಡೆಯುತ್ತಿದ್ದ ಕಾಲದಲ್ಲಿ, ಐವತ್ತು ವರ್ಷಗಳ ತರುವಾಯ ಗಾಡಿಯ ಚಕ್ರದ ಹಿಂದಿನ ಉಕ್ಕಿನ ಸುರುಳಿಯೊಂದರಲ್ಲಿ ಈ ಲಕ್ಷಣವನ್ನು ಸಮನ್ವಯ ಮಾಡಬೇಕಾದೀತೆಂದು ನಾನು ಎಣಿಸಿರಲಿಲ್ಲ.

ನಮ್ಮ ಮನೆಯ ಗಾಡಿ ೧೯೯೮ನೆಯ ಇಸವಿಯ ಮಾರುತಿ ಜೆನ್. ೧೯೯೩ರಲ್ಲಿ ಮೊದಲು ಮಾರಾಟಕ್ಕೆ ಬಂದು ೨೦೦೬ರ ವರೆಗೆ ತಯಾರಾದ ಈ ಗಾಡಿ ಈಗಲೂ ಮಲೆನಾಡಿನ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಓಡಾಡುತ್ತಿದೆ. ತೂಕ ಸುಮಾರು ಮುಕ್ಕಾಲು ಟನ್ನು. ಉದ್ದ ಮೂರೂವರೆ ಮೀಟರು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ೨,೩೩೫ ಮಿಲಿಮೀಟರು. ನೆಲಕ್ಕೂ ಹೊಟ್ಟೆಗೂ ನಡುವಣ ತೆರಪು, ತಯಾರಿಸಿದವರ ಪುಸ್ತಕದ ಪ್ರಕಾರ, ೧೬೫ ಮಿಲಿಮೀಟರು. ಈ ಅಂಕೆಗಳನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತವೆ. ನಾನು ಇದನ್ನು ೨೦೦೩ರಲ್ಲಿ ಒಬ್ಬ ವೈದ್ಯರಿಂದ ಕೊಂಡೆನು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ದು ನೋಂದಣಿಯನ್ನು ಮುಂದುವರಿಸಿಕೊಂಡು ಬಂದಿದ್ದೇನೆ. ಈಗ ಇದನ್ನು ನನ್ನ ತಮ್ಮನ ಮಗನಿಗೆ ಕೊಡಬೇಕೆಂದು ಮನೆಯಲ್ಲಿ ಮಾತಾಗಿದೆ.

ಹುಡುಗನಿಗೆ ಇಪ್ಪತ್ತನಾಲ್ಕು. ಬೆಂಗಳೂರಿನಲ್ಲಿ ಕೆಲಸ. ಈ ಗಾಡಿಯ ದುಂಡಾದ ಮೈಯ ಮೇಲೆ ಅವನಿಗೆ ಬಾಲ್ಯದಿಂದಲೂ ಪ್ರೀತಿ. ಆದರೆ ಕಳೆದ ವರ್ಷ ರಜೆಗೆ ಬಂದವನು ಅಂಗಳದಲ್ಲಿ ನಿಂತು ಅದನ್ನು ಬಹಳ ಹೊತ್ತು ನೋಡಿ, "ದೊಡ್ಡಪ್ಪ, ಇದನ್ನು ಎರಡು ಇಂಚು ತಗ್ಗಿಸಿದರೆ ನೋಡುವುದಕ್ಕೆ ಎಷ್ಟು ಚೆನ್ನಾಗಿರುತ್ತದೆ ಗೊತ್ತೆ? ತಿರುವಿನಲ್ಲಿ ವಾಲುವುದೂ ಇಲ್ಲ. ಸ್ಪ್ರಿಂಗು ಬದಲಾಯಿಸಿದರೆ ಸಾಕು" ಎಂದನು. ಎರಡು ಇಂಚೆಂದರೆ ಐದು ಸೆಂಟಿಮೀಟರು. ಚಕ್ರದ ಮೇಲಣ ಕಮಾನಿಗೂ ಟಯರಿಗೂ ನಡುವಿನ ಬಯಲು ಮುಚ್ಚಿಹೋಗಿ ಗಾಡಿ ನೆಲಕ್ಕೆ ಅಂಟಿದಂತೆ ಕಾಣುವುದು ಅವನ ಪ್ರಾಯದವರಿಗೆ ಸೌಂದರ್ಯದ ಲಕ್ಷಣ. ಅದನ್ನು ನಾನು ಹಳಿಯುವುದಿಲ್ಲ. ನಮ್ಮ ಕಾಲದಲ್ಲಿ ಸೈಕಲ್ಲಿನ ಹಿಡಿಯನ್ನು ತಗ್ಗಿಸಿಕೊಂಡು ಬಾಗಿ ತುಳಿಯುತ್ತಿದ್ದವರೂ ಇದ್ದರಷ್ಟೆ.

ಆದರೆ ಈ ಗಾಡಿಯಲ್ಲಿ ಕೂರತಕ್ಕವರು ಇನ್ನೊಬ್ಬರಿದ್ದಾರೆ. ನನ್ನ ಅಕ್ಕನಿಗೆ ಎಪ್ಪತ್ತಮೂರು ವರ್ಷ. ೨೦೨೧ರಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಬೆನ್ನುಹುರಿಯ ಸಾಲಿನ ಎಲುಬೊಂದು ಕುಸಿಯಿತು. ಅಂದಿನಿಂದ ತಿಂಗಳಿಗೊಮ್ಮೆ ತೀರ್ಥಹಳ್ಳಿಯಿಂದ ಆಗುಂಬೆ ಘಟ್ಟವಿಳಿದು ಉಡುಪಿಯ ಕಡೆಯ ವೈದ್ಯರ ಬಳಿಗೆ ಹೋಗಿ ಬರಬೇಕಾಗಿದೆ. ಘಟ್ಟದಲ್ಲಿ ಹದಿನಾಲ್ಕು ಕಡಿದಾದ ತಿರುವುಗಳು. ದಾರಿಯ ಊರುಗಳಲ್ಲಿ ಶಾಲೆಯ ಮುಂದೆ, ದೇವಸ್ಥಾನದ ಮುಂದೆ, ಕೆಲವೆಡೆ ಯಾವ ಕಾರಣವೂ ತೋರದ ಜಾಗದಲ್ಲಿ, ರಸ್ತೆಗೆ ಅಡ್ಡಲಾಗಿ ಹಂಪುಗಳು. ಇತ್ತೀಚಿನ ಪ್ರಯಾಣಗಳಲ್ಲಿ ಅಕ್ಕನು ಒಂದು ಕೈಯಿಂದ ಮೇಲಣ ಹಿಡಿಯನ್ನು ಹಿಡಿದು, ಇನ್ನೊಂದು ಕೈಯನ್ನು ಆಸನಕ್ಕೆ ಊರಿ, ಮೈಯನ್ನು ಅರ್ಧ ಎತ್ತಿಕೊಂಡೇ ಕೂರುತ್ತಿದ್ದಳು. ಬಾಯಿ ಬಿಟ್ಟು ನೋವೆಂದು ಹೇಳುವ ಸ್ವಭಾವ ಅವಳದಲ್ಲ. ಗಾಡಿಯಿಂದಿಳಿದ ಮೇಲೆ ಎರಡು ನಿಮಿಷ ಬಾಗಿಲನ್ನು ಹಿಡಿದು ನಿಲ್ಲುವುದರಿಂದಲೇ ನಾವು ಊಹಿಸಬೇಕು. ಗಾಡಿ ಹುಡುಗನದಾದರೂ ತಿಂಗಳಿಗೊಮ್ಮೆ ಈ ಪ್ರಯಾಣ ಅದರಲ್ಲಿಯೇ ಆಗತಕ್ಕದ್ದೆಂದು ಒಪ್ಪಂದವಾಗಿತ್ತು. ಆದ್ದರಿಂದ ಎರಡು ಇಂಚಿನ ಪ್ರಶ್ನೆ ಕೇವಲ ಅಲಂಕಾರದ ಪ್ರಶ್ನೆಯಾಗಿ ಉಳಿಯಲಿಲ್ಲ.

ಎಲ್ಲೆಲ್ಲಿ ತಗ್ಗೋ ಅಲ್ಲಲ್ಲಿ ಸ್ಥೈರ್ಯ ಎಂಬ ವ್ಯಾಪ್ತಿಯನ್ನು ಹುಡುಗನು ಹೇಳಿದನಷ್ಟೆ. ತರ್ಕ ಓದಿದವನಿಗೆ ಇಲ್ಲಿ ಉಪಾಧಿಯ ಶಂಕೆ ಬರುವುದು ಸಹಜ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳಿದರೆ ಸಲ್ಲುವುದಿಲ್ಲ. ಹಸಿ ಸೌದೆಯೆಂಬ ಉಪಾಧಿಯೊಂದು ಅಲ್ಲಿ ಅಡಗಿ ಕುಳಿತಿರುತ್ತದೆ. ತಗ್ಗಿದ ಗಾಡಿ ಸ್ಥಿರವಾಗಿ ಓಡುವುದಕ್ಕೂ ಇಂತಹದೇ ಒಂದು ಗುಪ್ತ ನಿಬಂಧನೆ ಇದೆ. ಅದು ಸ್ಟ್ರಟ್.

ಸ್ಟ್ರಟ್ ಎಂಬ ಇಂಗ್ಲಿಷ್ ಮಾತಿಗೆ ಊರೆಗೋಲು ಎಂದರ್ಥ. ನಮ್ಮ ಕಡೆ ವರ್ಕ್‌ಷಾಪಿನವರು ಇದನ್ನೂ ಶಾಕ್ ಅಬ್ಸಾರ್ಬರ್ ಎಂದೇ ಕರೆಯುತ್ತಾರೆ. ಆದರೆ ಎರಡೂ ಒಂದಲ್ಲ. ಜೆನ್ನಿನ ಹಿಂಬದಿಯಲ್ಲಿ ಎರಡು ಚಕ್ರಗಳನ್ನು ಒಂದೇ ಅಚ್ಚು ಹಿಡಿದಿದೆ. ಸ್ಪ್ರಿಂಗು ಒಂದು ಕಡೆ, ಶಾಕ್ ಅಬ್ಸಾರ್ಬರು ಇನ್ನೊಂದು ಕಡೆ. ಮುಂದೆ ಹಾಗಲ್ಲ. ಎಣ್ಣೆ ತುಂಬಿದ ಉಕ್ಕಿನ ಕೊಳವೆಯೊಂದು ನೆಟ್ಟಗೆ ನಿಂತಿದೆ. ಅದರ ಬುಡ ಚಕ್ರದ ಗುಂಬಕ್ಕೆ ಬಿಗಿದಿದೆ. ತಲೆ ಗಾಡಿಯ ಮೈಗೆ ತಗುಲಿ ಅಲ್ಲೇ ತಿರುಗುತ್ತದೆ. ಕೊಳವೆಯ ಸುತ್ತ ಸ್ಪ್ರಿಂಗು ಕುಳಿತಿದೆ. ಭಾರವನ್ನು ಹೊರುವುದು, ಚಕ್ರವನ್ನು ನೆಟ್ಟಗೆ ನಿಲ್ಲಿಸುವುದು, ಅದು ಎಡಬಲಕ್ಕೆ ತಿರುಗುವಾಗ ಅಕ್ಷವಾಗುವುದು, ಕುಲುಕಾಟವನ್ನು ಅಡಗಿಸುವುದು, ಇಷ್ಟೂ ಕೆಲಸ ಆ ಒಂದು ಕಂಬಕ್ಕೆ. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರು, ೧೯೪೭ರಲ್ಲಿ ಕೈಬಿಟ್ಟ ಒಂದು ಚಿಕ್ಕ ಷೆವರ್ಲೆ ಗಾಡಿಗಾಗಿ ಈ ಬಗೆಯನ್ನು ಯೋಚಿಸಿದ್ದನು. ಆಮೇಲೆ ಆತನು ಫೋರ್ಡ್ ಕಂಪನಿಗೆ ಹೋದನು. ೧೯೫೦ರಲ್ಲಿ ಇಂಗ್ಲೆಂಡಿನ ಫೋರ್ಡಿನವರು ತೋರಿಸಿದ ಕಾನ್ಸುಲ್, ಜೆಫಿರ್ ಎಂಬ ಗಾಡಿಗಳಲ್ಲಿ ಅದು ಬಳಕೆಗೆ ಬಂದಿತು. ಸ್ಥಳ ಕಡಮೆ, ಬಿಡಿಭಾಗ ಕಡಮೆ. ಆದ್ದರಿಂದ ಚಿಕ್ಕ ಗಾಡಿಗಳಿಗೆಲ್ಲ ಈಗ ಅದೇ ಗತಿ.

ಸ್ಪ್ರಿಂಗು ಸ್ಥಿತಿಸ್ಥಾಪಕವಾದರೆ, ಅದು ಮರಳಿ ಬರುವಾಗ ಹುಟ್ಟುವುದು ವೇಗವೆಂಬ ಇನ್ನೊಂದು ಸಂಸ್ಕಾರ. ಚಾಪೆ ಒಮ್ಮೆ ಸುತ್ತಿಕೊಂಡು ಸುಮ್ಮನಾಗುತ್ತದೆ. ಉಕ್ಕಿನ ಸುರುಳಿ ಹಾಗಲ್ಲ, ಮೊದಲಿನ ಸ್ಥಿತಿಯನ್ನು ದಾಟಿ ಆಚೆಗೆ ಹೋಗಿ, ಮತ್ತೆ ಈಚೆಗೆ ಬಂದು, ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಅದನ್ನು ತಡೆಯುವುದೇ ಕೊಳವೆಯೊಳಗಿನ ಎಣ್ಣೆ. ಒಳಗಿನ ಕೊಂತ ಮೇಲೆ ಕೆಳಗೆ ಚಲಿಸುವಾಗ ಎಣ್ಣೆ ಸಣ್ಣ ಸಣ್ಣ ರಂಧ್ರಗಳ ಮೂಲಕ ನುಸುಳಬೇಕು. ನುಸುಳುವ ಆ ಶ್ರಮದಲ್ಲಿ ವೇಗವು ಶಾಖವಾಗಿ ಕಳೆದುಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತು ಮೈಲಿ ಓಡಿಸಿ ನಿಲ್ಲಿಸಿ ಶಾಕ್ ಅಬ್ಸಾರ್ಬರನ್ನು ಮುಟ್ಟಿ ನೋಡಿದರೆ ಬೆಚ್ಚಗಿರುವುದು ಇದರಿಂದಲೇ. ತಣ್ಣಗೇ ಇದ್ದರೆ ಅದು ಕೆಲಸ ಮಾಡಿಲ್ಲವೆಂದು ತಿಳಿಯತಕ್ಕದ್ದು.

ನಮ್ಮ ಗಾಡಿಯಲ್ಲಿ ಮಾಡಿದ ಮೊದಲ ಪರೀಕ್ಷೆ ಬಹು ಸುಲಭವಾದದ್ದು. ಮುಂದಿನ ಚಕ್ರದ ಮೇಲೆ ಮೈಯನ್ನು ಬಲವಾಗಿ ಅದುಮಿ ಕೈಬಿಟ್ಟೆವು. ಸ್ಟ್ರಟ್ ಚೆನ್ನಾಗಿದ್ದರೆ ಗಾಡಿ ಒಮ್ಮೆ ಮೇಲೆದ್ದು ನಿಲ್ಲಬೇಕು. ನಮ್ಮದು ಎದ್ದಿತು, ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿಯಿತು. ಕೊಳವೆಯ ಕುತ್ತಿಗೆಯಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಟಯರನ್ನು ಅಂಗೈಯಿಂದ ಸವರಿದರೆ ಅಲ್ಲಲ್ಲಿ ಬಟ್ಟಲಿನಂತೆ ಸವೆದ ತಗ್ಗುಗಳು ಸಿಕ್ಕುತ್ತಿದ್ದುವು. ಚಕ್ರವು ನೆಲವನ್ನು ಒಂದೇ ಸಮನಾಗಿ ಒತ್ತದೆ ಕುಣಿಯುತ್ತಿತ್ತೆಂಬುದಕ್ಕೆ ಅದು ಲಿಂಗ. ಎರಡನೆಯ ಪರೀಕ್ಷೆಯಲ್ಲಿ ಒಂದು ವಿನೋದ ಹೊರಬಿತ್ತು. ಸಮನೆಲದಲ್ಲಿ ನಿಲ್ಲಿಸಿ ಅಳೆದಾಗ ಗಾಡಿಯ ಹೊಟ್ಟೆಯ ತೆರಪು ೧೬೫ ಮಿಲಿಮೀಟರು ಇರಲಿಲ್ಲ, ೧೪೫ ಇತ್ತು. ಇಪ್ಪತ್ತೇಳು ವರ್ಷ ಭಾರ ಹೊತ್ತ ಸ್ಪ್ರಿಂಗುಗಳು ತಾವಾಗಿಯೇ ಎರಡು ಸೆಂಟಿಮೀಟರು ಕುಗ್ಗಿದ್ದುವು. ಹುಡುಗನು ತಗ್ಗಿಸಬೇಕೆಂದಿದ್ದ ಗಾಡಿಯನ್ನು ಕಾಲವು ಯಾರನ್ನೂ ಕೇಳದೆ ಅರ್ಧಕ್ಕರ್ಧ ತಗ್ಗಿಸಿಬಿಟ್ಟಿತ್ತು! ಹೀಗೆ ಕುಗ್ಗಿದ ಸ್ಪ್ರಿಂಗು ಬಲದಲ್ಲಿ ಸಡಿಲವಾಗಿರುವುದಿಲ್ಲ, ಎತ್ತರವನ್ನು ಮಾತ್ರ ಕಳೆದುಕೊಂಡಿರುತ್ತದೆ ಎಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಇಷ್ಟಾದ ಮೇಲೆ ನಾನು ಹುಡುಗನಿಗೆ ಹೇಳಿದ್ದು, "ಮೊದಲು ಸ್ಟ್ರಟ್, ಆಮೇಲೆ ಸ್ಪ್ರಿಂಗು. ಯಾವ ಸ್ಪ್ರಿಂಗು ಹಾಕಿದರೂ ಈ ಸತ್ತ ಕೊಳವೆಯ ಮೇಲೆ ಹಾಕತಕ್ಕದ್ದಲ್ಲ." ಅವನು ಒಪ್ಪಿದನು. ಆದರೆ ಖರ್ಚನ್ನು ಎಣಿಸಿ ಮುಖ ಸಣ್ಣ ಮಾಡಿಕೊಂಡನು. ಅವನ ಗೆಳೆಯನೊಬ್ಬನು ಹೇಳಿದನೆಂದು, ಪೇಟೆಯ ಒಂದು ವರ್ಕ್‌ಷಾಪಿಗೆ ಇಬ್ಬರೂ ಹೋದೆವು. ಅಲ್ಲಿಯವರು ಇದ್ದ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸಿಕೊಡುವುದಾಗಿಯೂ, ಕೆಲವೇ ನೂರು ರೂಪಾಯಿಗಳಲ್ಲಿ ಸಂಜೆಯೊಳಗೆ ಗಾಡಿ ನೆಲಕ್ಕಿಳಿಯುವುದಾಗಿಯೂ ಹೇಳಿದರು. ಬೇಕಿದ್ದರೆ ಕತ್ತರಿಸದೆ, ಗ್ಯಾಸಿನ ಉರಿಯಲ್ಲಿ ಕಾಯಿಸಿ ಕುಗ್ಗಿಸುವ ಉಪಾಯವೂ ಅವರಲ್ಲಿತ್ತು. ನಾನು ನಮಸ್ಕಾರ ಹೇಳಿ ಹುಡುಗನನ್ನು ಕರೆದುಕೊಂಡು ಹೊರಟೆನು. ಉಕ್ಕಿನ ಸ್ಥಿತಿಸ್ಥಾಪಕವೆಲ್ಲ ಅದಕ್ಕೆ ಕೊಟ್ಟಿರುವ ಹದದಲ್ಲಿದೆ; ಉರಿಗೆ ಹಿಡಿದರೆ ಹದ ಹೋಗುತ್ತದೆ, ಕೆಲವು ತಿಂಗಳಿಗೆ ಸುರುಳಿ ಕುಸಿಯುತ್ತದೆ ಇಲ್ಲವೆ ಮುರಿಯುತ್ತದೆ. ಕತ್ತರಿಸಿದರೆ ಸ್ಪ್ರಿಂಗಿನ ಕೊನೆ ತಟ್ಟೆಯ ಮೆಟ್ಟಿಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅಷ್ಟೇ ಅಲ್ಲ, ಗಾಡಿಯನ್ನು ಜಾಕಿಯಿಂದ ಎತ್ತಿದಾಗಲೋ, ಚಕ್ರ ಗುಂಡಿಯಲ್ಲಿ ಇಳಿಬಿದ್ದಾಗಲೋ, ಸ್ಟ್ರಟ್ ಪೂರ್ತಿ ಚಾಚಿಕೊಳ್ಳುತ್ತದೆ. ಆಗ ಗಿಡ್ಡಾದ ಸ್ಪ್ರಿಂಗು ಎರಡು ತಟ್ಟೆಗಳ ನಡುವೆ ಸಡಿಲವಾಗಿ ನೇತಾಡಿ, ಮತ್ತೆ ಭಾರ ಬಿದ್ದಾಗ ಓರೆಯಾಗಿ ಕೂರಬಹುದು. ಘಟ್ಟದ ತಿರುವಿನಲ್ಲಿ ಹಾಗಾದರೆ ಆಮೇಲೆ ಪಶ್ಚಾತ್ತಾಪಪಡುವುದಕ್ಕೂ ಯಾರೂ ಉಳಿದಿರುವುದಿಲ್ಲ.

ಹುಡುಗನು ಲೆಕ್ಕವನ್ನು ಬಲ್ಲವನು. ಆದ್ದರಿಂದ ಅಂದು ರಾತ್ರಿ ಉಪದೇಶವನ್ನು ಬಿಟ್ಟು ಲೆಕ್ಕಕ್ಕೆ ಕುಳಿತೆವು. ಮೂವತ್ತು ವರ್ಷ ಹಲಗೆಯ ಮುಂದೆ ನಿಂತವನಿಗೆ ಸೀಮೆಸುಣ್ಣ ಕೈಗೆ ಬಂದರೆ ಒಂದು ಬಗೆಯ ಹುರುಪು ಬರುತ್ತದೆ, ವಾಚಕರು ಕ್ಷಮಿಸಬೇಕು.

ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ಪಂಡಿತನು ಸ್ಪ್ರಿಂಗಿನ ನಿಯಮವನ್ನು ೧೬೭೬ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿದನು. ೧೬೭೮ರಲ್ಲಿ ಒಗಟನ್ನು ಬಿಡಿಸಿದನು. ಎಷ್ಟು ಭಾರವೋ ಅಷ್ಟು ಕುಗ್ಗು, ಇಮ್ಮಡಿ ಭಾರಕ್ಕೆ ಇಮ್ಮಡಿ ಕುಗ್ಗು ಎಂಬುದೇ ಅದರ ತಾತ್ಪರ್ಯ. ಇದರಿಂದ ಇನ್ನೊಂದು ಸೊಗಸಾದ ಲೆಕ್ಕ ಹೊರಡುತ್ತದೆ. ಗಾಡಿಯ ಭಾರಕ್ಕೆ ಸ್ಪ್ರಿಂಗು ಎಷ್ಟು ಸೆಂಟಿಮೀಟರು ಕುಗ್ಗಿ ನಿಂತಿದೆಯೋ ಅದರ ವರ್ಗಮೂಲದಿಂದ ಐದನ್ನು ಭಾಗಿಸಿದರೆ, ಸೆಕೆಂಡಿಗೆ ಗಾಡಿ ಎಷ್ಟು ಸಲ ತೂಗುವುದೆಂಬುದು ಸುಮಾರಾಗಿ ಬರುತ್ತದೆ. ನಮ್ಮ ಗಾಡಿಯ ಮುಂದಿನ ಸ್ಪ್ರಿಂಗಿನ ಕುಗ್ಗು ೧೨ ಸೆಂಟಿಮೀಟರು. ಹನ್ನೆರಡರ ವರ್ಗಮೂಲ ೩.೪೬, ಆದ್ದರಿಂದ ತೂಗಾಟ ಸೆಕೆಂಡಿಗೆ ೧.೪೪. ಸ್ಪ್ರಿಂಗನ್ನು ನೂರಕ್ಕೆ ಇಪ್ಪತ್ತೈದರಷ್ಟು ಬಿಗಿ ಮಾಡಿದರೆ ಕುಗ್ಗು ೯.೬ ಆಗಿ ತೂಗಾಟ ೧.೬೧ ಆಗುತ್ತದೆ. ಈ ಅಂಕೆ ಮೇಲಕ್ಕೆ ಹೋದಷ್ಟೂ ಕೂತವರಿಗೆ ರಸ್ತೆಯ ಸುದ್ದಿ ಹೆಚ್ಚು ಹೆಚ್ಚಾಗಿ ಬೆನ್ನಿನ ಮೂಲಕವೇ ತಲಪುತ್ತದೆ.

ತಗ್ಗಿಸುವ ಸ್ಪ್ರಿಂಗು ಬಿಗಿಯಾಗಿಯೇ ಏಕಿರಬೇಕೆಂದು ಕೇಳಬಹುದು. ಗಾಡಿಯನ್ನು ಐದು ಸೆಂಟಿಮೀಟರು ಇಳಿಸಿದರೆ ಚಕ್ರಕ್ಕೆ ಮೇಲೆ ಬರುವುದಕ್ಕೆ ಇದ್ದ ಜಾಗದಲ್ಲಿ ಐದು ಸೆಂಟಿಮೀಟರು ಹೋಯಿತು. ಉಳಿದ ಸ್ವಲ್ಪ ಜಾಗದಲ್ಲಿಯೇ ಗುಂಡಿಯ ಪೆಟ್ಟನ್ನು ಅರಗಿಸಬೇಕು. ಸ್ಪ್ರಿಂಗು ಬಿಗಿಯಿಲ್ಲದಿದ್ದರೆ ಸ್ಟ್ರಟ್ ತಳ ಕಂಡು, ಬಂಪ್ ಸ್ಟಾಪ್ ಎಂಬ ರಬ್ಬರಿನ ಗಟ್ಟಿಗೆ ಬಡಿಯುತ್ತದೆ. ಬಿಗಿಯನ್ನು ತರುವುದು ತಂತಿಯ ದಪ್ಪ. ಮತ್ತು ಆ ದಪ್ಪದ ಪ್ರಭಾವ ಆಶ್ಚರ್ಯಕರವಾದದ್ದು. ಬಿಗಿಯು ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. ಹತ್ತು ಮಿಲಿಮೀಟರಿನ ತಂತಿಯನ್ನು ಹನ್ನೊಂದು ಮಾಡಿದರೆ ಬಿಗಿ ನೂರಕ್ಕೆ ನಲವತ್ತಾರರಷ್ಟು ಹೆಚ್ಚುತ್ತದೆ. ಇಪ್ಪತ್ತೈದರಷ್ಟು ಹೆಚ್ಚಿಸಲು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಸಾಕು. ಅಂಗಡಿಯ ಹಲಗೆಯ ಮೇಲೆ ಎರಡು ಸ್ಪ್ರಿಂಗುಗಳನ್ನಿಟ್ಟರೆ ಕಣ್ಣಿಗೆ ಒಂದೇ ಎನ್ನಿಸುತ್ತದೆ. ಆದ್ದರಿಂದ ಕೊಳ್ಳುವವನು ಬಣ್ಣವನ್ನು ನೋಡದೆ, ಎಷ್ಟು ತಗ್ಗಿಸುತ್ತದೆ, ಎಷ್ಟು ಬಿಗಿ, ಈ ಎರಡು ಅಂಕೆಗಳನ್ನು ಬರೆಹದಲ್ಲಿ ಕೇಳಬೇಕು. ಒಂದನ್ನೇ ಹೇಳಿ ಇನ್ನೊಂದನ್ನು ಹೇಳದ ಅಂಗಡಿಯಿಂದ ಕೊಳ್ಳಬಾರದು.

ಇನ್ನು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ೧೯೮೮ರಲ್ಲಿ ಇದಕ್ಕೊಂದು ಅಳತೆಯನ್ನು ಹೇಳಿದ್ದಾರೆ: ೧೭ ಮೀಟರು ತ್ರಿಜ್ಯದ ವೃತ್ತದ ತುಣುಕು, ಅಗಲ ೩.೭ ಮೀಟರು, ನಡುವೆ ಎತ್ತರ ೧೦ ಸೆಂಟಿಮೀಟರು. ಗಂಟೆಗೆ ಇಪ್ಪತ್ತೈದು ಕಿಲೋಮೀಟರು ವೇಗದಲ್ಲಿ ದಾಟುವುದಕ್ಕೆಂದು ಇದು. ಗಾಡಿಯ ಎರಡು ಚಕ್ರಗಳೂ ಹಂಪಿನ ಮೇಲೆಯೇ ಇರುವಾಗ, ನಡುವಿನ ೨,೩೩೫ ಮಿಲಿಮೀಟರಿನ ಅಂತರದಲ್ಲಿ ಹಂಪಿನ ಬೆನ್ನು ಗಾಡಿಯ ಹೊಟ್ಟೆಯ ಕಡೆಗೆ ಏರುವುದು ನಾಲ್ಕು ಸೆಂಟಿಮೀಟರು ಮಾತ್ರ. ಜ್ಯಾಮಿತಿ ಓದಿದ ಯಾವ ಹುಡುಗನಾದರೂ ಇದನ್ನು ತೆಗೆಯಬಲ್ಲನು. ಆದರೆ ನಮ್ಮ ದಾರಿಯ ಹಂಪುಗಳನ್ನು ಕಟ್ಟಿದವರು ಆ ಪುಸ್ತಕವನ್ನು ಓದಿದಂತೆ ಕಾಣುವುದಿಲ್ಲ. ಹತ್ತು ಸೆಂಟಿಮೀಟರಿನ ಎತ್ತರವನ್ನು ಮಾತ್ರ ಉಳಿಸಿಕೊಂಡು ಅಗಲವನ್ನು ಒಂದು ಮೊಳಕ್ಕೆ ಇಳಿಸಿದ ಹಂಪುಗಳೇ ಹೆಚ್ಚು. ಅಂತಹವುಗಳಲ್ಲಿ ಎತ್ತರವೆಲ್ಲ ಇಡಿಯಾಗಿ ಗಾಡಿಯ ಹೊಟ್ಟೆಯ ಕೆಳಗೆ ಬರುತ್ತದೆ.

ನಾಲ್ವರು ಕೂತರೆ ಮೂಲದ ಸ್ಪ್ರಿಂಗಿನ ಮೇಲೆ ಗಾಡಿಯ ನಡು ಸುಮಾರು ನಾಲ್ಕು ಸೆಂಟಿಮೀಟರು ಇಳಿಯುತ್ತದೆಂದು ನಾವು ಅಳೆದು ಕಂಡಿದ್ದೆವು. ಹದಿನಾರೂವರೆಯಲ್ಲಿ ನಾಲ್ಕು ಕಳೆದು, ಹಂಪಿನ ಹತ್ತು ಕಳೆದರೆ ಎರಡೂವರೆ ಉಳಿಯಿತು. ಹೊಸ ಗಾಡಿಯ ಸ್ಥಿತಿ ಇದು. ನಮ್ಮ ಕುಗ್ಗಿದ ಗಾಡಿಗೆ ಉಳಿಯುವುದು ಅರ್ಧ ಸೆಂಟಿಮೀಟರು. ಒಂದೊಂದು ಹಂಪಿನಲ್ಲಿ ಕೆಳಗಿನಿಂದ ಕರಕರ ಸದ್ದು ಕೇಳಿಬರುತ್ತಿದ್ದುದರ ಗುಟ್ಟು ಆಗ ತಿಳಿಯಿತು. ಐದು ಸೆಂಟಿಮೀಟರು ತಗ್ಗಿಸಿದರೆ? ಸ್ಪ್ರಿಂಗು ಬಹಳ ಬಿಗಿಯಾದದ್ದರಿಂದ ಭಾರಕ್ಕೆ ಇಳಿಯುವುದು ನಾಲ್ಕರ ಬದಲು ೨.೮ ಎಂದೇ ಇಟ್ಟುಕೊಳ್ಳೋಣ. ಆದರೂ ಲೆಕ್ಕ ಸೊನ್ನೆಗಿಂತ ಒಂದೂಕಾಲು ಸೆಂಟಿಮೀಟರಿನಷ್ಟು ಕೆಳಗೆ ಹೋಯಿತು. ಎಂದರೆ ಹಂಪು ಗಾಡಿಯ ಹೊಟ್ಟೆಯೊಳಗೆ ನುಗ್ಗಬೇಕು. ಹುಡುಗನು ಹಲಗೆಯನ್ನು ನೋಡುತ್ತ ಕುಳಿತನು.

ಸ್ವಲ್ಪ ಹೊತ್ತಿಗೆ ಎದ್ದು ಬಂದು ಸುಣ್ಣವನ್ನು ನನ್ನ ಕೈಯಿಂದ ತೆಗೆದುಕೊಂಡು, "ದೊಡ್ಡಪ್ಪ, ಎರಡೂವರೆ ಸೆಂಟಿಮೀಟರು ತಗ್ಗಿಸಿ, ಇಪ್ಪತ್ತೈದರಷ್ಟು ಬಿಗಿ ಇಟ್ಟರೆ ನೋಡಿ" ಎಂದು ಬರೆದನು. ಭಾರಕ್ಕೆ ಇಳಿಯುವುದು ೩.೨. ಹದಿನಾರೂವರೆಯಲ್ಲಿ ಎರಡೂವರೆ ಹೋಗಿ, ೩.೨ ಹೋಗಿ, ಹಂಪಿನ ಹತ್ತು ಹೋಗಿ, ೦.೮ ಉಳಿಯಿತು. "ಈಗ ಓಡುತ್ತಿರುವ ಗಾಡಿಗೆ ಅರ್ಧ, ತಗ್ಗಿಸಿದ ಗಾಡಿಗೆ ಮುಕ್ಕಾಲಿಗೂ ಹೆಚ್ಚು! ತಗ್ಗಿಸಿದರೆ ತೆರಪು ಹೆಚ್ಚಾಗುತ್ತದೆ!" ಎಂದು ನಕ್ಕನು. ವಾದ ಚಮತ್ಕಾರವಾಗಿತ್ತು, ದೋಷವೂ ಇರಲಿಲ್ಲ. ಹೊಸ ಮೂಲ ಸ್ಪ್ರಿಂಗಿನ ಎರಡೂವರೆಯೇ ಇವೆರಡಕ್ಕಿಂತ ಮೇಲೆಂಬುದನ್ನು ನಾನು ನೆನಪಿಸಿದೆನು. ಅದನ್ನು ಅವನು ಅಲ್ಲಗಳೆಯಲಿಲ್ಲ. ಆದರೆ ಗಾಡಿ ಅವನದಾಗತಕ್ಕದ್ದು. ಅವನ ಇಷ್ಟಕ್ಕೆ ಏನೂ ಉಳಿಯದಂತೆ ಮಾಡಿ ಕೊಡುವುದು ಕೊಟ್ಟಂತೆಯೂ ಅಲ್ಲ.

ಉಳಿದದ್ದು ಅಕ್ಕನ ಬೆನ್ನು. ೧.೪೪, ೧.೬೧ ಎಂಬ ಅಂಕೆಗಳು ಅವಳಿಗೆ ಏನನ್ನು ಹೇಳಬಲ್ಲವು? ಶಿವಮೊಗ್ಗದಲ್ಲಿ ಹುಡುಗನ ಸ್ನೇಹಿತನೊಬ್ಬನ ಬಳಿ ಸರಿಸುಮಾರು ಇದೇ ಅಳತೆಯ ಸ್ಪ್ರಿಂಗು, ಅದಕ್ಕೆ ಹೊಂದುವ ಸ್ಟ್ರಟ್ ಹಾಕಿಸಿದ ಜೆನ್ ಇತ್ತು. ಒಂದು ಭಾನುವಾರ ಅದನ್ನು ತರಿಸಿ, ಅಕ್ಕನನ್ನು ಕೂರಿಸಿಕೊಂಡು, ತೀರ್ಥಹಳ್ಳಿಯಿಂದ ಆಗುಂಬೆಯ ವರೆಗೆ ಹೋಗಿ ಬಂದೆವು. ಗಾಡಿ ಗಡುಸಾಗಿದೆಯೆಂದು ನನಗೇ ತಿಳಿಯುತ್ತಿತ್ತು. ಅಕ್ಕನು ಏನೂ ಹೇಳಲಿಲ್ಲ. ಆಗುಂಬೆಯಲ್ಲಿ ಇಳಿದು ಕಾಫಿ ಕುಡಿಯುವಾಗ, "ಹೇಗಿದೆ ಅತ್ತೆ?" ಎಂದು ಹುಡುಗನು ಅಳುಕುತ್ತ ಕೇಳಿದನು. ಅವಳು ಯೋಚಿಸಿ, "ನಮ್ಮ ಗಾಡಿ ಒಂದು ಗುಂಡಿಗೆ ಮೂರು ಸಲ ಕುಕ್ಕುತ್ತದೆ ಮಾರಾಯ. ಇದು ಒಂದೇ ಸಲ. ಒಂದು ಸಲ ಆದರೆ ತಡಕೊಳ್ಳಬಹುದು" ಎಂದಳು. ಬರುವಾಗ ನಾನು ಕನ್ನಡಿಯಲ್ಲಿ ನೋಡಿದೆನು. ಅವಳ ಕೈಗಳೆರಡೂ ಮಡಿಲಲ್ಲಿದ್ದುವು.

ಇದು ಸ್ಪ್ರಿಂಗಿನ ಹಿರಿಮೆಯಲ್ಲ, ಸ್ಟ್ರಟ್ಟಿನದು ಎಂದು ಹುಡುಗನಿಗೆ ಒತ್ತಿ ಹೇಳಿದೆನು. ಸ್ಪ್ರಿಂಗನ್ನು ಇಪ್ಪತ್ತೈದರಷ್ಟು ಬಿಗಿ ಮಾಡಿದವನು, ತೂಗಾಟವು ಅದೇ ಪ್ರಮಾಣದಲ್ಲಿ ಅಡಗಬೇಕಾದರೆ, ಎಣ್ಣೆಯ ತಡೆಯನ್ನೂ ನೂರಕ್ಕೆ ಹನ್ನೆರಡರಷ್ಟು ಹೆಚ್ಚಿಸಲೇಬೇಕು. ಅದರಲ್ಲಿಯೂ ಸ್ಪ್ರಿಂಗು ಮರಳಿ ಚಾಚಿಕೊಳ್ಳುವಾಗಿನ ತಡೆಯನ್ನು. ಬಿಗಿಯಾದ ಸುರುಳಿಯಲ್ಲಿ ಅದುಮಿಟ್ಟ ಶಕ್ತಿ ಹೆಚ್ಚು, ಅದು ಹಿಂದಕ್ಕೆ ಒದೆಯುವುದೂ ಹೆಚ್ಚು. ಇದಕ್ಕಾಗಿ ತಡೆಯನ್ನು ತಿರುಪಿನಿಂದ ಹೆಚ್ಚು ಕಡಮೆ ಮಾಡಬಹುದಾದ ಸ್ಟ್ರಟ್‌ಗಳೂ ಉಂಟು. ಅಂತಹವನ್ನು ಮಾಡುವುದರಲ್ಲಿ ಹೆಸರಾದ ಹಾಲೆಂಡಿನ ಕೋನಿ ಎಂಬ ಮನೆತನದವರು ೧೮೫೭ರಲ್ಲಿ ಕುದುರೆಗಾಡಿಯ ಸಾಮಾನುಗಳನ್ನು ಮಾಡುತ್ತ ಆರಂಭಿಸಿದರೆಂಬುದು ಸ್ವಾರಸ್ಯವಾದ ಸಂಗತಿ. ಅವು ನಮ್ಮ ಕೈಗೆಟುಕುವ ಬೆಲೆಯವಲ್ಲ. ನಮ್ಮ ಗಾಡಿಗೆ ಅಷ್ಟು ಬೇಕಾಗಿಯೂ ಇರಲಿಲ್ಲ.

ತಿರುವಿನಲ್ಲಿ ವಾಲುವುದಿಲ್ಲವೆಂಬ ಮಾತು ಅರ್ಧ ಮಾತ್ರ ನಿಜ. ಗಾಡಿಯ ಭಾರದ ಕೇಂದ್ರ ಕೆಳಗಿಳಿಯುವುದು ಸರಿ. ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಗಾಡಿಯಲ್ಲಿ, ಚಕ್ರದ ಬುಡವನ್ನು ಹಿಡಿದ ಕೆಳಗಿನ ತೋಳು, ಗಾಡಿ ಇಳಿದಷ್ಟೂ ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಭಾರಕೇಂದ್ರಕ್ಕಿಂತಲೂ ಹೆಚ್ಚು ಕೆಳಗಿಳಿದುಬಿಡುತ್ತದೆ. ಎರಡರ ನಡುವಣ ಅಂತರ ದೊಡ್ಡದಾಗಿ, ವಾಲಿಸುವ ಸನ್ನೆಗೋಲು ಉದ್ದವಾಯಿತು. ಬಹಳ ತಗ್ಗಿಸಿದ ಗಾಡಿ ವಾಲದೆ ನಿಲ್ಲುವುದು ಸ್ಪ್ರಿಂಗಿನ ಬಿಗಿಯಿಂದಲೇ ಹೊರತು ತಗ್ಗಿನಿಂದಲ್ಲ. ಎರಡೂವರೆ ಸೆಂಟಿಮೀಟರಿನಲ್ಲಿ ಈ ತೊಂದರೆ ಅಷ್ಟಾಗಿ ಬಾಧಿಸುವುದಿಲ್ಲ.

ಕಾಯಿದೆಯ ಮಾತನ್ನೂ ನಾವು ಮರೆಯಲಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಿಸಿದವರು ಹೇಳಿದ್ದಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಕಟ್ಟುನಿಟ್ಟಾಗಿ ಹೇಳಿತು. ನೋಂದಣಿ ಪತ್ರದಲ್ಲಿ ಸ್ಪ್ರಿಂಗಿನ ಉದ್ದ ಬರೆದಿಲ್ಲವೆಂಬುದು ಹುಡುಗನ ಸಮಾಧಾನ. ನನಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಕೊಳ್ಳುವ ಮುಂಚೆ ವಿಮೆಯವರಿಗೆ ಬರೆದು ತಿಳಿಸಿ, ಮುಂದಿನ ಪರೀಕ್ಷೆಯಲ್ಲಿ ಅಧಿಕಾರಿಗಳು ಬೇಡವೆಂದರೆ ಮೂಲದ ಅಳತೆಯದನ್ನೇ ಹಾಕಿಸುವುದೆಂದು ಅವನಿಂದ ಮಾತು ತೆಗೆದುಕೊಂಡೆನು.

ಕೆಲಸವನ್ನು ನಮ್ಮೂರ ಹಳೆಯ ಮೇಸ್ತ್ರಿಯಿಂದಲೇ ಮಾಡಿಸಿದೆವು. ಸ್ಟ್ರಟ್ಟಿನಿಂದ ಸ್ಪ್ರಿಂಗನ್ನು ಬಿಡಿಸುವುದು ಅಪಾಯದ ಕೆಲಸ. ಅದುಮಿ ಹಿಡಿಯುವ ಎರಡು ಕ್ಲಾಂಪುಗಳಿಲ್ಲದೆ ತಲೆಯ ನಟ್ಟನ್ನು ಸ್ವಲ್ಪವೂ ಸಡಿಲಿಸಬಾರದು. ಆ ಸುರುಳಿ ಹಾರಿದರೆ ಎದುರಿಗಿದ್ದವನ ದವಡೆ ಉಳಿಯುವುದಿಲ್ಲ. ನಾಲ್ಕು ಚಕ್ರಗಳಿಗೂ ಹೊಸದನ್ನೇ ಹಾಕಿಸಿದೆವು. ಒಂದು ಕಡೆ ಹೊಸತು ಒಂದು ಕಡೆ ಹಳತು ಕೂಡದು. ಸ್ಟ್ರಟ್ಟಿನ ತಲೆಯ ಬೇರಿಂಗು, ರಬ್ಬರಿನ ಗಟ್ಟಿ, ಧೂಳಿನ ಗವಸು, ಇವು ಅಗ್ಗದ ಸಾಮಾನುಗಳು, ಬಿಚ್ಚಿದಾಗಲೇ ಬದಲಾಯಿಸಿಬಿಡಬೇಕು. ತೋಳುಗಳ ಬುಷ್ಷಿನ ಬೋಲ್ಟನ್ನು, ಗಾಡಿ ಜಾಕಿಯ ಮೇಲಿರುವಾಗ ಬಿಗಿಯದೆ, ಚಕ್ರಗಳು ನೆಲಕ್ಕೆ ಬಂದು ಭಾರ ಕೂತ ಮೇಲೆ ಬಿಗಿಯಬೇಕೆಂಬುದನ್ನು ಮೇಸ್ತ್ರಿ ನಾವು ಹೇಳುವ ಮುಂಚೆಯೇ ಬಲ್ಲವನಾಗಿದ್ದನು. ಹಿಂದಿನ ಅಚ್ಚನ್ನು ಅಡ್ಡಡ್ಡವಾಗಿ ಹಿಡಿದ ಸರಳೊಂದಿದೆ. ಗಾಡಿ ತಗ್ಗಿದಾಗ ಅದು ಅಚ್ಚನ್ನು ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ಸರಿಸುತ್ತದೆ. ನಮ್ಮದರಲ್ಲಿ ಅದು ಕಣ್ಣಿಗೆ ಕಾಣುವಷ್ಟು ಆಗಲಿಲ್ಲ. ಚಕ್ರಗಳ ಜೋಡಣೆಯನ್ನು ಮಾತ್ರ ಅಂದೇ ಒಮ್ಮೆ, ಸ್ಪ್ರಿಂಗು ನೆಲೆಗೊಂಡ ಮೇಲೆ ಸಾವಿರ ಕಿಲೋಮೀಟರಿಗೆ ಇನ್ನೊಮ್ಮೆ, ಶಿವಮೊಗ್ಗದಲ್ಲಿ ನೋಡಿಸಿದೆವು.

ಹೊಸ ಸ್ಪ್ರಿಂಗು ಹಾಕಿದ ದಿನ ಹೊಟ್ಟೆಯ ತೆರಪು ೧೪೪ ಮಿಲಿಮೀಟರು ಇತ್ತು. ಸಾವಿರ ಕಿಲೋಮೀಟರಿಗೆ ೧೪೧ ಆಗಿ, ಅಲ್ಲಿಂದೀಚೆಗೆ ಹಾಗೆಯೇ ನಿಂತಿದೆ. ಹುಡುಗನಿಗೆ ಇನ್ನೂ ಒಂದು ಇಂಚಿನ ಮೇಲೆ ಕಣ್ಣಿದೆಯೆಂಬುದನ್ನು ನಾನು ಬಲ್ಲೆನು. ಈ ಮಳೆಗಾಲದಲ್ಲಿ ಅಕ್ಕನ ಪ್ರಯಾಣಗಳು ಮೂರಾದುವು. ಮೂರನೆಯ ಸಲ ಅವಳು ಘಟ್ಟದಲ್ಲಿ ನಿದ್ದೆ ಹೋಗಿದ್ದಳು. ಹೆಬ್ರಿಯ ಬಳಿ ಎಚ್ಚರಗೊಂಡು, ಸೋಮೇಶ್ವರ ಆಯಿತೋ ಎಂದು ಕೇಳಿದಳು.